ಕೇಡು ಬಯಸದ ಕೈಯಿಂದಾಗುವ ಕೇಡು

ಕೇಡು ಮಾಡಬೇಕೆಂಬ ಮನಸ್ಸೇ ಇಲ್ಲದವನ ಕೈಯಿಂದ ಒಬ್ಬ ಮನುಷ್ಯನ ಪ್ರಾಣವು ಹೋದರೆ ಅದರ ಲೆಕ್ಕವನ್ನು ಯಾರಿಂದ ಕೇಳಬೇಕು? ಈ ಪ್ರಶ್ನೆಯು ಪಂಡಿತರ ಸಭೆಯಲ್ಲಿ ಹುಟ್ಟಿದ್ದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ರಾತ್ರಿ ಗದ್ದೆಗೆ ನೀರು ತಿರುಗಿಸಲು ಹೋದವನನ್ನು ಹಾವು ಕಚ್ಚಿದಾಗ, ಕಬ್ಬಿನ ಗಾಡಿಗೆ ಮೋಟರು ಸೈಕಲ್ಲು ಬಡಿದಾಗ, ಹೆರಿಗೆಯಾದ ಹೆಂಗಸಿಗೆ ರಕ್ತವು ನಿಲ್ಲದೆ ಹರಿಯುವಾಗ, ಆಸ್ಪತ್ರೆಯ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತವರ ಮನಸ್ಸಿನಲ್ಲಿ ಅದು ಹುಟ್ಟುತ್ತದೆ. ಒಳಗೆ ಹೋದವನು ಮಾತಾಡುತ್ತಲೇ ಹೋದನು. ಹೊರಗೆ ಬಂದದ್ದು ಅವನ ದೇಹ. ನಡುವಿನ ಆ ಗಳಿಗೆಯಲ್ಲಿ ಏನಾಯಿತು?

ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಮೊದಲನೆಯದು, ಅವನ ಆಯುಸ್ಸು ಅಷ್ಟೇ ಇತ್ತು ಎಂಬದು. ನೆರೆಯವರು ಹಣೆಬರಹ ಅನ್ನುತ್ತಾರೆ, ನಾವು ದೇವರ ಚಿತ್ತ ಅನ್ನುತ್ತೇವೆ. ಹೆಸರು ಬೇರೆಯಾದರೂ ಎಷ್ಟೋ ಸಾರಿ ಎರಡು ಮಾತುಗಳ ಕೆಲಸವೂ ಒಂದೇ, ಅಂದರೆ ಕೇಳಬೇಕಾದದ್ದನ್ನು ಕೇಳಗೊಡದೆ ಬಾಯಿ ಮುಚ್ಚಿಸುವದು. ಎರಡನೆಯದು, ಡಾಕ್ಟರೇ ಕೊಂದನು ಎಂಬದು. ಆಗ ಕಿಟಕಿಯ ಗಾಜು ಒಡೆಯುತ್ತದೆ, ದಾದಿಯ ಮೇಲೆ ಕೈ ಬೀಳುತ್ತದೆ, ಔಷಧದ ಮೇಜು ಉರುಳುತ್ತದೆ. ವೈದ್ಯರನ್ನು ಹೊಡೆಯುವವರನ್ನೂ ಆಸ್ಪತ್ರೆಗಳನ್ನು ಹಾಳುಮಾಡುವವರನ್ನೂ ಶಿಕ್ಷಿಸುವದಕ್ಕೆ 2009ರಲ್ಲಿ ಕರ್ನಾಟಕದಲ್ಲಿ ಒಂದು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು ಅಂದರೆ ಈ ಉತ್ತರವು ಎಷ್ಟು ಹಬ್ಬಿಕೊಂಡಿದೆ ಎಂದು ತಿಳಿಯಬಹುದು. ಈ ಎರಡೂ ಒಂದಕ್ಕೊಂದು ವಿರುದ್ಧವೆಂದು ತೋರುತ್ತವೆ. ನಮ್ಮ ಅಭಿಪ್ರಾಯದಲ್ಲಿ ಅವು ಅಣ್ಣತಮ್ಮಂದಿರು. ಯಾಕಂದರೆ ಒಂದರ ತರುವಾಯವಾಗಲಿ ಮತ್ತೊಂದರ ತರುವಾಯವಾಗಲಿ ಆ ಗಳಿಗೆಯಲ್ಲಿ ನಡೆದದ್ದೇನೆಂದು ಯಾರಿಗೂ ತಿಳಿಯುವದಿಲ್ಲ. ಹೀಗಿರಲಾಗಿ ನಾಳೆ ರಾತ್ರಿ ಅದೇ ಮಂಚದ ಮೇಲೆ ಮಲಗುವವನಿಗೂ ಅದೇ ನಡೆದೀತು.

ಹಳೇ ಒಡಂಬಡಿಕೆಯನ್ನು ಓದುವವರಿಗೆ ಈ ವಿಷಯದಲ್ಲಿ ಎರಡು ವಿಧಿಗಳು ನೆನಪಿಗೆ ಬಂದಾವು. ಎರಡೂ ಧರ್ಮೋಪದೇಶಕಾಂಡದಲ್ಲಿ ಇವೆ. ಒಂದು, ಮರ ಕಡಿಯುವವನ ಕೊಡಲಿಯು ಕಾವಿನಿಂದ ಕಳಚಿ ಹಾರಿ ಸಂಗಡಿಗನಿಗೆ ತಗಲಿ ಅವನು ಸತ್ತ ಸಂಗತಿಯದು. ಹಗೆಯಿಲ್ಲದೆ ಕೊಂದ ಅಂಥವನು ಓಡಿಹೋಗಿ ಬದುಕಿಕೊಳ್ಳುವ ಹಾಗೆ ಆಶ್ರಯಪಟ್ಟಣಗಳು ಗೊತ್ತಾಗಿದ್ದವು. ಮತ್ತೊಂದು, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ತಡೆಗೋಡೆಯನ್ನು ಕಟ್ಟಲೇಬೇಕು, ಕಟ್ಟದೆ ಯಾವನಾದರೂ ಬಿದ್ದು ಸತ್ತರೆ ಆ ರಕ್ತಾಪರಾಧವು ಮನೆಯ ಮೇಲೆ ಬರುವದು ಎಂಬದು. ಮೊದಲನೇ ವಿಧಿಯು ಕೇಡು ಆದ ಮೇಲೆ ಕೈಯನ್ನು ನೋಡುತ್ತದೆ. ಎರಡನೆಯದು ಕೇಡು ಆಗುವ ಮುಂಚೆ ಮಾಳಿಗೆಯನ್ನು ನೋಡುತ್ತದೆ. ಬಿದ್ದವನು ಯಾಕೆ ಎಚ್ಚರವಾಗಿರಲಿಲ್ಲ ಎಂದು ಅದು ಕೇಳುವದೇ ಇಲ್ಲ. ಮನುಷ್ಯನು ಒಂದಲ್ಲ ಒಂದು ದಿನ ಅಂಚಿಗೆ ಹೋಗಿಯೇ ಹೋಗುವನೆಂದು ಒಪ್ಪಿಕೊಂಡು, ಗೋಡೆ ಎಲ್ಲಿ ಎಂದು ಕೇಳುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಕುರಿತು ಪ್ರಸಂಗ ಕೇಳಿದವರು ಕಡಿಮೆ.

ಅದರ ಅರ್ಥವನ್ನು ತಿಳಿಯುವದಕ್ಕೆ ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. 2018ನೇ ನವೆಂಬರ್ 24ರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ಕಾಲುವೆಗೆ ಬಿದ್ದು 30 ಮಂದಿ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಚಾಲಕನು ಹಾಗೆ ಓಡಿಸಿದನು, ಹೀಗೆ ಓಡಿಸಿದನು ಎಂಬ ಮಾತು ಬಹಳವಾಗಿ ನಡೆಯಿತು. ಆದರೆ ಆ ಸ್ಥಳದಲ್ಲಿ ರಸ್ತೆಗೂ ನೀರಿಗೂ ನಡುವೆ ತಡೆಗೋಡೆ ಇರಲಿಲ್ಲ. 2023ರ ನವೆಂಬರಿನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿಯಲ್ಲಿ ಅದೇ ಕಾಲುವೆಗೆ ಕಾರೊಂದು ಬಿದ್ದು ಐವರು ಸತ್ತರು. ಚಾಲಕನು ಬೇರೆ, ಗಾಡಿ ಬೇರೆ, ನೀರು ಅದೇ.

ಆಸ್ಪತ್ರೆಯಲ್ಲಿ ತುರ್ತಿನ ರೋಗಿಗಳನ್ನು ನೋಡುವ ಕೋಣೆಯೂ ಇಂಥ ತಡೆಗೋಡೆ ಬೇಕಾದ ಒಂದು ಮಾಳಿಗೆಯೇ ಸರಿ. ಅಲ್ಲಿ ಹೊತ್ತು ಕಡಿಮೆ, ಬಂದವನ ಪರಿಚಯವಿಲ್ಲ, ಅವನೋ ಮಾತಾಡಲಾರನು, ನಿದ್ದೆಗೆಟ್ಟ ಒಬ್ಬ ಎಳೇ ವೈದ್ಯನು ಒಂದೇ ವೇಳೆಯಲ್ಲಿ ಮೂವರನ್ನು ನೋಡಬೇಕು. ಬೇರೆ ಕೋಣೆಗಳಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಒಂದು ದಿನ ಸಿಕ್ಕಿದರೆ ಇಲ್ಲಿ ಒಂದು ನಿಮಿಷ ಸಿಕ್ಕುತ್ತದೆ. ಅಮೇರಿಕ ದೇಶದ ಒಂದು ಹಿರಿಯ ವೈದ್ಯವಿದ್ವಾಂಸರ ಸಂಸ್ಥೆಯು, ತನ್ನ ದೇಶದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪುಗಳ ದೆಸೆಯಿಂದ ವರುಷಕ್ಕೆ 44,000ದಿಂದ 98,000 ಜನರು ಸಾಯುತ್ತಾರೆಂದು 1999ರಲ್ಲಿ ಅಂದಾಜು ಮಾಡಿ ಪ್ರಕಟಿಸಿತು. ಹಣಕ್ಕೂ ಯಂತ್ರಗಳಿಗೂ ಕೊರತೆಯಿಲ್ಲದ ದೇಶದಲ್ಲಿಯೇ ಹೀಗೆ. ಸಂಖ್ಯೆಯು ಹೆಚ್ಚಾಯಿತೆಂದು ವಾದಿಸಿದವರು ಉಂಟು, ಅದಿರಲಿ. ಆ ವರದಿಯಲ್ಲಿ ಮುಖ್ಯವಾದದ್ದು ಸಂಖ್ಯೆಯಲ್ಲ. ಈ ತಪ್ಪುಗಳಲ್ಲಿ ಬಹುಪಾಲು ಕೆಟ್ಟವರು ಮಾಡಿದವುಗಳಲ್ಲ, ಒಳ್ಳೆಯವರು ಕೆಟ್ಟ ಏರ್ಪಾಡಿನೊಳಗೆ ಕೆಲಸ ಮಾಡಿದ್ದರಿಂದ ಆದವುಗಳು ಎಂಬದೇ ಅದರ ಸಾರ.

ಹಾವಿನ ಕಡಿತವನ್ನೇ ತೆಗೆದುಕೊಳ್ಳೋಣ. ಇದು ನಮ್ಮ ಜನರಿಗೆ ತಿಳಿದಿರುವ ಆಪತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಲೋಕವು ಅಲಕ್ಷ್ಯಮಾಡಿದ ವ್ಯಾಧಿಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಪ್ರತಿಯೊಂದು ಕಡಿತವನ್ನೂ ಆಸ್ಪತ್ರೆಗಳು ತಪ್ಪದೆ ವರದಿಮಾಡಬೇಕೆಂದು ಗೊತ್ತುಮಾಡಿತು. ಮನೆಯಲ್ಲಿ ಮಾಡುವ ತಪ್ಪುಗಳನ್ನು ನಾವೆಲ್ಲರೂ ಬಲ್ಲೆವು. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವದು, ಬ್ಲೇಡಿನಿಂದ ಕೊಯ್ಯುವದು, ಮಂತ್ರ ಹಾಕುವವನ ಮನೆಗೆ ಹೋಗಿ ಎರಡು ತಾಸು ಕಳೆಯುವದು. ಇವುಗಳನ್ನು ಕುರಿತು ಬಹಳ ಜನರು ಬರೆದಿರುವದರಿಂದ ನಾವು ಹೆಚ್ಚು ಹೇಳುವದಿಲ್ಲ. ಆದರೆ ಆಸ್ಪತ್ರೆಯೊಳಗೆ ಕಾಲಿಟ್ಟ ಮೇಲೆ ಆಗತಕ್ಕ ತಪ್ಪುಗಳು ಬೇರೆ ಜಾತಿಯವು, ಮತ್ತು ನಮ್ಮ ಪ್ರಶ್ನೆಗೆ ಅವೇ ಹತ್ತಿರ.

ಕಟ್ಟುಹಾವು, ಅಂದರೆ ಕೆಲವರು ಕಡಂಬಳ ಅನ್ನುವ ಹಾವು, ನೆಲದ ಮೇಲೆ ಮಲಗಿದವನನ್ನು ನಿದ್ದೆಯಲ್ಲಿ ಕಚ್ಚುತ್ತದೆ. ಎಷ್ಟೋ ವೇಳೆ ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಣ್ಣಿಗೆ ಬೀಳುವದಿಲ್ಲ. ಬೆಳಗಿನ ಜಾವದಲ್ಲಿ ಅವನಿಗೆ ಹೊಟ್ಟೆನೋವು ಬರುತ್ತದೆ. ಆಸ್ಪತ್ರೆಯಲ್ಲಿ ಹೊಟ್ಟೆನೋವಿಗೆ ಸೂಜಿಮದ್ದು ಕೊಟ್ಟು ಮನೆಗೆ ಕಳುಹಿಸಿದರೆ, ಸ್ವಲ್ಪ ಹೊತ್ತಿನಲ್ಲಿ ರೆಪ್ಪೆಗಳು ಜೋಲುತ್ತವೆ, ನಾಲಿಗೆ ತೊದಲುತ್ತದೆ, ಆಮೇಲೆ ಉಸಿರಾಡಿಸುವ ಸ್ನಾಯುಗಳು ನಿಂತುಹೋಗುತ್ತವೆ. ಸೂಜಿಮದ್ದು ಕೊಟ್ಟವನು ಓದಿಲ್ಲದವನೋ? ಅಲ್ಲ. ರಾತ್ರಿ ನೆಲದ ಮೇಲೆ ಮಲಗಿದ್ದೆಯಾ ಎಂಬ ಒಂದೇ ಮಾತನ್ನು ಕೇಳುವದು ಅವನಿಗೆ ಆ ಹೊತ್ತಿನಲ್ಲಿ ತೋಚಲಿಲ್ಲ. ಆ ಮಾತು ಅವನ ನೆನಪಿನಲ್ಲಿ ಮಾತ್ರ ಇರದೆ ಎದುರಿನ ಗೋಡೆಯ ಮೇಲೂ ಬರೆದಿದ್ದರೆ ಅದು ತಡೆಗೋಡೆ ಆಗುತ್ತಿತ್ತು.

ಕೊಳಕುಮಂಡಲದ ವಿಷವು ರಕ್ತವನ್ನು ಹೆಪ್ಪುಗಟ್ಟಗೊಡದು. ಇದನ್ನು ಕಂಡುಹಿಡಿಯುವ ಪರೀಕ್ಷೆಯು ಬಡ ಆಸ್ಪತ್ರೆಗೂ ಸಾಧ್ಯವಾದದ್ದು: ರೋಗಿಯ ರಕ್ತವನ್ನು ಸ್ವಲ್ಪ ತೆಗೆದು ಒಣಗಿದ ಹೊಸ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಓರೆಮಾಡಿ ನೋಡುವದು. ಆದರೆ ಆ ನಳಿಗೆಯನ್ನು ಸಾಬೂನಿನ ಪುಡಿಯಿಂದ ತೊಳೆದಿದ್ದರೆ, ಇಲ್ಲವೆ ಗಾಜಿನ ಬದಲಿಗೆ ಪ್ಲಾಸ್ಟಿಕ್ಕಿನದಾಗಿದ್ದರೆ, ಆರೋಗ್ಯವಾದ ರಕ್ತವೂ ಹೆಪ್ಪುಗಟ್ಟದೆ ನಿಂತುಬಿಡಬಹುದು. ಆಗ ಬೇಡದವನಿಗೆ ವಿಷಹಾರಿ ಔಷಧವನ್ನು ಏರಿಸುತ್ತಾರೆ. ಆ ಔಷಧವು ಕುದುರೆಯ ರಕ್ತದಿಂದ ಮಾಡಿದ್ದು. ಕೆಲವರ ಮೈಗೆ ಒಗ್ಗದೆ ತಟ್ಟನೆ ಉಸಿರು ಕಟ್ಟಿ ರಕ್ತದ ಒತ್ತಡವು ಇಳಿದುಹೋಗುವದು. ಅದಕ್ಕಾಗಿಯೇ ಅಡ್ರಿನಲಿನ್ ಎಂಬ ಮದ್ದನ್ನು ಮೊದಲೇ ಪಕ್ಕದಲ್ಲಿ ಸಿದ್ಧವಾಗಿ ಇಟ್ಟುಕೊಳ್ಳಬೇಕೆಂಬ ನಿಯಮವುಂಟು. ಈಗ ಹೇಳಿರಿ, ಇಲ್ಲಿ ತಪ್ಪಿದವರು ಯಾರು? ನಳಿಗೆಯನ್ನು ಶ್ರದ್ಧೆಯಿಂದ ಚೊಕ್ಕಟವಾಗಿ ತೊಳೆದ ಜವಾನನೇ? ಹೊಸ ನಳಿಗೆಗಳನ್ನು ತರಿಸದ ಗುಮಾಸ್ತನೇ? ಹೊಡೆಯಬೇಕೆಂದಿದ್ದವರು ಯಾರನ್ನು ಹುಡುಕಿಕೊಂಡು ಹೋಗುವರು?

ಕರುಣೆಯಿಂದ ಆಗುವ ತಪ್ಪೂ ಒಂದುಂಟು. ಮಗುವನ್ನು ಹಾವು ಕಚ್ಚಿದರೆ, ಚಿಕ್ಕ ಮೈಯೆಂದು ಯೋಚಿಸಿ ವಿಷಹಾರಿಯನ್ನು ಕಡಿಮೆ ಹಾಕಬೇಕೆಂದು ತೋರುವದು ಸಹಜ, ಯಾಕಂದರೆ ಬೇರೆ ಬಹುಪಾಲು ಔಷಧಗಳಲ್ಲಿ ಹಾಗೆಯೇ ಮಾಡುತ್ತಾರೆ. ಆದರೆ ಹಾವು ಮಗುವೆಂದು ನೋಡಿ ವಿಷವನ್ನು ಕಡಿಮೆ ಬಿಡುವದಿಲ್ಲ. ಆದದರಿಂದ ದೊಡ್ಡವರಿಗೆ ಎಷ್ಟು ಸೀಸೆಯೋ ಮಗುವಿಗೂ ಅಷ್ಟೇ ಬೇಕು.

ಹಾವಿನ ಮಾತು ಸಾಕು. ಬೇರೆ ಕಡೆಗೂ ಇದೇ ನಡೆಯುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಿನ ಮದ್ದನ್ನು ತಿಳಿಗೊಳಿಸದೆ ಒಮ್ಮೆಲೇ ರಕ್ತನಾಳಕ್ಕೆ ಕೊಟ್ಟರೆ ಹೃದಯವು ನಿಂತುಹೋಗುವದು. ಅದರ ಪುಟ್ಟ ಸೀಸೆಯು ಪಕ್ಕದಲ್ಲಿರುವ ನಿರಪಾಯವಾದ ಮದ್ದಿನ ಸೀಸೆಯ ಹಾಗೆಯೇ ಕಾಣಬಹುದು. ಎಚ್ಚರವಾಗಿರು ಎಂದು ದಾದಿಗೆ ನೂರು ಸಾರಿ ಹೇಳಬಹುದು. ಆ ಸೀಸೆಯನ್ನು ತುರ್ತಿನ ತಟ್ಟೆಯಿಂದ ತೆಗೆದು ಬೇರೆ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರೆ ಒಂದು ಸಾರಿಯೂ ಹೇಳಬೇಕಾಗಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರು ಜಯಮ್ಮಂದಿರು ಮಲಗಿರುವಾಗ ಒಬ್ಬಳಿಗೆ ಏರಿಸತಕ್ಕ ರಕ್ತವನ್ನು ಮತ್ತೊಬ್ಬಳಿಗೆ ಏರಿಸದಂತೆ ಕಾಯುವದು ದಾದಿಯ ಜಾಣತನವಲ್ಲ. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಇವು ಮೂರನ್ನೂ ಪ್ರತಿ ಸಾರಿಯೂ ಬಾಯಿಬಿಟ್ಟು ಕೇಳುವ ಪದ್ಧತಿಯೇ. ಗದ್ದಲದ ನಡುವೆ ವೈದ್ಯನು ಬಾಯಿಮಾತಿನಲ್ಲಿ ಹೇಳಿದ ಮದ್ದಿನ ಹೆಸರನ್ನೂ ಅಳತೆಯನ್ನೂ ದಾದಿಯು ತಿರುಗಿ ಗಟ್ಟಿಯಾಗಿ ಹೇಳಿ, ಹೌದೆಂದ ಮೇಲೆ ಕೊಡುವದೂ ಹಾಗೆಯೇ. ಇವೆಲ್ಲಾ ಚಿಕ್ಕ ಕೆಲಸಗಳು, ಕಲಿತವರಿಗೆ ನಾಚಿಕೆ ತರುವಷ್ಟು ಚಿಕ್ಕವು. ಶಸ್ತ್ರಚಿಕಿತ್ಸೆಗೆ ಮುಂಚೆಯೂ ತರುವಾಯವೂ ಗಟ್ಟಿಯಾಗಿ ಓದಿ ಒಪ್ಪತಕ್ಕ ಒಂದು ಹಾಳೆಯ ಪಟ್ಟಿಯನ್ನು ಲೋಕದ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿ 2009ರಲ್ಲಿ ಫಲವನ್ನು ಪ್ರಕಟಿಸಿದರು. ಅವುಗಳಲ್ಲಿ ನಮ್ಮ ದಿಲ್ಲಿಯೂ ಲಂಡನ್ನೂ ತಾನ್ಜಾನಿಯ ದೇಶದ ಇಫಾಕರಾ ಎಂಬ ಹಳ್ಳಿಗಾಡಿನ ಊರೂ ಇದ್ದವು. ನೂರಕ್ಕೆ 1.5 ಇದ್ದ ಸಾವು 0.8ಕ್ಕೆ ಇಳಿಯಿತು. ಆ ಹಾಳೆಯಲ್ಲಿ ವೈದ್ಯರಿಗೆ ತಿಳಿಯದೆ ಇದ್ದ ಸಂಗತಿಯು ಒಂದೂ ಇರಲಿಲ್ಲ.

ಇನ್ನು ಕೈಯಿಂದ ಕೈಗೆ ದಾಟಿಸುವಾಗ ಆಗುವ ತಪ್ಪಿಗೆ ಬರೋಣ. ಹಳ್ಳಿಯವರಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಪೇಟೆಯ ರೋಗಿಗೆ ಒಂದೇ ಆಸ್ಪತ್ರೆ. ಕೃಷ್ಣರಾಜಪೇಟೆಯ ಮೂಲೆಯ ಹಳ್ಳಿಯವನೋ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ 108ರ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಮಂಡ್ಯಕ್ಕೋ ಮೈಸೂರಿಗೋ. ನಾಗಮಂಗಲದ ಕಡೆಯವನಾದರೆ ಬಿ.ಜಿ. ನಗರಕ್ಕೆ. ಮುಟ್ಟುವಷ್ಟರಲ್ಲಿ ನಾಲ್ಕೈದು ಕೈಗಳನ್ನು ದಾಟಿರುತ್ತಾನೆ. 2008ರಲ್ಲಿ ಆರಂಭವಾದ ಆ ಗಾಡಿಗಳಿಂದ ಉಪಕಾರವಾಗಿದೆ ಎಂಬದಕ್ಕೆ ಸಂಶಯವಿಲ್ಲ. ಆದರೆ ಪ್ರತಿಯೊಂದು ಕೈಯಲ್ಲಿಯೂ ಸ್ವಲ್ಪ ಸತ್ಯವು ಸೋರಿಹೋಗುತ್ತದೆ. ಕಚ್ಚಿದ್ದು ಎಷ್ಟು ಗಂಟೆಗೆ, ಯಾವ ಮದ್ದನ್ನು ಎಷ್ಟು ಕೊಟ್ಟಾಯಿತು, ಯಾವುದು ಮೈಗೆ ಒಗ್ಗಲಿಲ್ಲ, ಇವು ಮೊದಲನೆಯವನಿಗೆ ಗೊತ್ತು, ಕಡೆಯವನಿಗೆ ಗೊತ್ತಿಲ್ಲ. ಕೊಟ್ಟದ್ದನ್ನೇ ಮತ್ತೆ ಕೊಡುತ್ತಾರೆ. ಇಲ್ಲವೆ ಕೊಟ್ಟಿರಬಹುದೆಂದು ಎಣಿಸಿ ಕೊಡದೆ ಇರುತ್ತಾರೆ.

ಈ ಸೋರಿಕೆಯು ಎಂಥದೆಂದು ನಮ್ಮ ನೆರೆಯ ಚಾಮರಾಜನಗರದಲ್ಲಿ ಲೋಕವೆಲ್ಲಾ ಕಂಡಿತು. 2021ರ ಮೇ 2 ಮತ್ತು 3ರಲ್ಲಿ, ಕೊರೋನಾ ವ್ಯಾಧಿಯು ಉಲ್ಬಣವಾಗಿದ್ದ ಕಾಲದಲ್ಲಿ, ಅಲ್ಲಿಯ ಜಿಲ್ಲಾಸ್ಪತ್ರೆಯಲ್ಲಿ ಸುಮಾರು ಒಂದು ದಿನದೊಳಗೆ 24 ಮಂದಿ ರೋಗಿಗಳು ತೀರಿಹೋದರು. ಆಮ್ಲಜನಕವು ಮೈಸೂರಿನಿಂದ ಬರಬೇಕಾಗಿತ್ತು; ರಾತ್ರಿ ಅದು ಮುಗಿಯಿತು. ತರುವಾಯ ಒಂದು ಜಿಲ್ಲೆಯವರು ಮತ್ತೊಂದು ಜಿಲ್ಲೆಯವರು ಕಳುಹಿಸಲಿಲ್ಲ ಎಂದರು; ಅವರು ನಾವು ತಡೆಯಲಿಲ್ಲ ಎಂದರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರವೆಂದು ಸರಕಾರದ ಕಡೆಯಿಂದ ಮೊದಲು ಹೇಳಿದರು. ಹೈಕೋರ್ಟಿನವರು ನೇಮಿಸಿದ ಸಮಿತಿಯು ಆ ಮಾತನ್ನು ಒಪ್ಪಲಿಲ್ಲ. ಅಲ್ಲಿ ಯಾವ ವೈದ್ಯನಾದರೂ, ಯಾವ ಅಧಿಕಾರಿಯಾದರೂ ಆ ಜನರು ಸಾಯಲಿ ಎಂದು ಬಯಸಿದನೋ? ಬಯಸಿದವನು ಒಬ್ಬನೂ ಇಲ್ಲ. ಇಷ್ಟು ಸಿಲಿಂಡರು ಇವೆ, ಇಷ್ಟು ಗಂಟೆಗೆ ಮುಗಿಯುವವು, ತರುವ ಭಾರವು ಇಂಥವನದು ಎಂಬದನ್ನು ತನ್ನದೆಂದು ಹೊತ್ತುಕೊಂಡವನೂ ಇಲ್ಲ. ಎರಡು ಕೈಗಳ ನಡುವೆ 24 ಮನೆಗಳ ದೀಪ ಆರಿತು. ಎಲ್ಲರದೂ ಆದ ಕೆಲಸವು ಯಾರದೂ ಅಲ್ಲವೆಂದು ನಮ್ಮ ಸಭೆಯ ಲೆಕ್ಕದ ಪುಸ್ತಕಗಳಿಂದಲೂ ನಾವು ಬಲ್ಲೆವಷ್ಟೆ.

ಇಲ್ಲಿ ಬುದ್ಧಿವಂತನಾದ ಓದುಗನು ಒಂದು ಆಕ್ಷೇಪಣೆಯನ್ನು ಎತ್ತುವನು, ಎತ್ತಲೂಬೇಕು. ಏರ್ಪಾಡಿನ ದೋಷ, ಏರ್ಪಾಡಿನ ದೋಷ ಎಂದು ಹೇಳುತ್ತಾ ಹೋದರೆ ತಪ್ಪುಮಾಡಿದವರೆಲ್ಲಾ ಅದರ ಸೆರಗಿನಲ್ಲಿ ಅಡಗಿಕೊಳ್ಳುವದಿಲ್ಲವೋ? ಬಡವನ ಮಗನು ಸತ್ತಾಗ ಮಾತ್ರ ಏರ್ಪಾಡಿನ ಮಾತು, ಸಾಹುಕಾರನ ಮಗನು ಸತ್ತರೆ ಆಗ ಮನುಷ್ಯನ ಹೆಸರು ಸಿಕ್ಕುವದು ಹೇಗೆ? ಈ ಆಕ್ಷೇಪಣೆಯನ್ನು ನಾವು ಹಗುರವೆಂದು ಎಣಿಸುವದಿಲ್ಲ. ಆದದರಿಂದ ತಪ್ಪು ಎಂಬ ಒಂದೇ ಮೂಟೆಯನ್ನು ಬಿಚ್ಚಿ ಒಳಗಿರುವದನ್ನು ಬೇರೆಬೇರೆ ಇಡಬೇಕು. ಎಚ್ಚರವಾಗಿದ್ದರೂ ಕೈ ಜಾರಿದವನು ಒಬ್ಬನು. ಕೊಡಲಿ ಕಳಚಿದ್ದು ಅವನದು. ಅಪಾಯವನ್ನು ನೋಡಿಯೂ ಏನಾದೀತು ಎಂದು ನುಗ್ಗಿದವನು ಮತ್ತೊಬ್ಬನು. ಕಾವು ಸಡಿಲವಾಗಿದೆ ಎಂದು ತಿಳಿದೂ ಕೊಡಲಿ ಬೀಸಿದವನು ಅವನು, ಅವನಿಗೆ ಶಿಕ್ಷೆ ನ್ಯಾಯವೇ. ರಾತ್ರಿಯ ಪಾಳಿಗೆ ಹೆಸರು ಬರೆದು ಸ್ವಂತ ದವಾಖಾನೆಗೆ ಹೋಗಿ ಕೂತವನನ್ನು ತಪ್ಪಿದವನೆಂದು ಕರೆಯಲೇಕೂಡದು, ಯಾಕಂದರೆ ಅವನು ಅಲ್ಲಿ ಇರಲೇ ಇಲ್ಲ. ಇನ್ನೊಬ್ಬನುಂಟು. ಅವನ ಕೈ ಜಾರಿತು, ಅದು ಕ್ಷಮೆಗೆ ತಕ್ಕದ್ದೇ. ಆದರೆ ಅನಂತರ ಅವನು ಚೀಟಿಯನ್ನು ಹರಿದು, ಹೊತ್ತನ್ನು ತಿದ್ದಿ ಬರೆದು, ಬಂಧುಗಳಿಗೆ ಇಲ್ಲದ್ದನ್ನು ಹೇಳಿದನು. ನಮ್ಮ ತೀರ್ಮಾನದಲ್ಲಿ ಈ ನಾಲ್ವರಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದವನು ಇವನೇ. ಜಾರಿದ್ದರಿಂದ ಒಬ್ಬನು ಸತ್ತನು. ಮುಚ್ಚಿಟ್ಟದ್ದರಿಂದ ಮುಂದೆ ಸಾಯತಕ್ಕವರ ಲೆಕ್ಕವೇ ಇಲ್ಲ.

ಆದರೆ ಅವನು ಮುಚ್ಚಿಡುವದು ಯಾಕೆ? ಭಯದಿಂದ. ಈ ಭಯವನ್ನು ಹುಟ್ಟಿಸಿದವರಲ್ಲಿ ಮೇಲಧಿಕಾರಿಯೂ ಉಂಟು, ಕಲ್ಲು ಹಿಡಿದು ಬಂದ ನಾವೂ ಉಂಟು. ನಮ್ಮ ದೇಶದ ಸುಪ್ರೀಂ ಕೋರ್ಟು 2005ರಲ್ಲಿ ಕೊಟ್ಟ ಒಂದು ತೀರ್ಪಿನಲ್ಲಿ, ವೈದ್ಯನ ಪ್ರತಿಯೊಂದು ತಪ್ಪೂ ದಂಡನೆಗೆ ತಕ್ಕ ಅಪರಾಧವಲ್ಲ, ಅಜಾಗರೂಕತೆಯು ಅತಿಯಾಗಿದ್ದರೆ ಮಾತ್ರ ಅಪರಾಧ, ಮತ್ತು ಹಾಗೆಂದು ಹೇಳುವದಕ್ಕೆ ಮುಂಚೆ ಪಕ್ಷವಿಲ್ಲದ ಬೇರೊಬ್ಬ ವೈದ್ಯನ ಅಭಿಪ್ರಾಯವನ್ನು ಕೇಳಬೇಕು ಎಂದು ಗೊತ್ತುಮಾಡಿತು. ಇದಕ್ಕಿಂತ ಮುಂಚೆ, 1995ರಲ್ಲಿ, ಹಣ ಕೊಟ್ಟು ಚಿಕಿತ್ಸೆ ಪಡೆದವನು ಗ್ರಾಹಕರ ನ್ಯಾಯಸ್ಥಾನದಲ್ಲಿ ಪರಿಹಾರವನ್ನು ಕೇಳಬಹುದೆಂದು ಅದೇ ಕೋರ್ಟು ಹೇಳಿತ್ತು. ಎಲ್ಲರಿಗೂ ಧರ್ಮಾರ್ಥವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಆ ಮಾತು ಸಲ್ಲದು. ಅಂದಮೇಲೆ ನಮ್ಮಂಥ ಬಡವರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದೇ. ಪರಿಹಾರವನ್ನು ಕೊಂಡುಕೊಳ್ಳಲಾರದವನಿಗೆ ಸತ್ಯವಾದರೂ ದೊರೆಯಬೇಡವೋ?

ಇಷ್ಟು ದೂರ ಆಸ್ಪತ್ರೆಯವರ ಮಾತಾಯಿತು. ಈಗ ನಮ್ಮ ಮನೆಯ ಮಾತು. ಯಾರಾದರೂ ಮನಸ್ಸು ಮುರಿದು ಹೊಲದ ಔಷಧವನ್ನು ಕುಡಿದಾಗ ನಾವು ಆಸ್ಪತ್ರೆಗೆ ಹೋಗಿ ಏನನ್ನುತ್ತೇವೆ? ಊಟ ಕೆಟ್ಟಿತ್ತು, ವಾಂತಿಯಾಗುತ್ತಿದೆ ಅನ್ನುತ್ತೇವೆ. ಪೊಲೀಸಿನವರು ಬಂದಾರೆಂಬ ಹೆದರಿಕೆ, ಊರಿನವರಿಗೆ ತಿಳಿದೀತೆಂಬ ನಾಚಿಕೆ, ಸಭೆಯಲ್ಲಿ ಹೆಸರು ಕೆಟ್ಟೀತೆಂಬ ಸಂಕಟ. ಡಬ್ಬವನ್ನು ಗೊಬ್ಬರದ ಗುಂಡಿಗೆ ಎಸೆದು ಬಂದಿರುತ್ತೇವೆ. ಆದರೆ ಹೊಲದ ಔಷಧಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಹುಳಕ್ಕೆ ಹೊಡೆಯುವ ರಂಜಕದ ಜಾತಿಯ ಔಷಧಕ್ಕೆ ಅಟ್ರೋಪಿನ್ ಎಂಬ ಮದ್ದು ಬೇಕು, ಅದೂ ಬೇಗ ಬೇಕು. ಕಳೆಗೆ ಹೊಡೆಯುವ ಪ್ಯಾರಾಕ್ವಾಟಿಗೆ ಆ ಮದ್ದು ಕೆಲಸಕ್ಕೆ ಬಾರದು. ಅಷ್ಟೇ ಅಲ್ಲ, ಉಸಿರಿಗೆ ಕಷ್ಟಪಡುವ ಯಾವ ರೋಗಿಗಾದರೂ ವೈದ್ಯನು ಮೊದಲು ಕೊಡುವ ಆಮ್ಲಜನಕವೇ ಈ ವಿಷ ಕುಡಿದವನ ಶ್ವಾಸಕೋಶಕ್ಕೆ ಕೇಡಾಗುವದು. ಹೀಗೆ ನಮ್ಮ ಸುಳ್ಳು ವೈದ್ಯನ ಒಳ್ಳೇ ಕೈಯನ್ನು ಹಿಡಿದು ಕೆಟ್ಟ ಕೆಲಸವನ್ನು ಮಾಡಿಸುತ್ತದೆ. ತರುವಾಯ ತಪ್ಪು ಯಾರದೆಂದು ಕೇಳುವವರೂ ನಾವೇ. ಹೆದರಿಕೆಗೆ ಮೊದಲು ಇದ್ದಷ್ಟು ಕಾರಣವೂ ಈಗ ಇಲ್ಲ: ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರವಾದ ಮನೋವೇದನೆಯಲ್ಲಿ ಇದ್ದನೆಂದು ಎಣಿಸಬೇಕು, ಅವನನ್ನು ಶಿಕ್ಷಿಸಕೂಡದು ಎಂದು 2017ರ ಮಾನಸಿಕ ಆರೋಗ್ಯದ ಕಾನೂನು ಹೇಳುತ್ತದೆ, ಅಂಥವನಿಗೆ ಶಿಕ್ಷೆ ವಿಧಿಸುತ್ತಿದ್ದ ಹಳೇ ದಂಡಸಂಹಿತೆಯ ಕಲಮೂ 2024ರ ಜುಲೈ 1ರಿಂದ ನಡೆಯುವ ಹೊಸ ಸಂಹಿತೆಯಲ್ಲಿ ಮೊದಲಿನ ರೂಪದಲ್ಲಿ ಉಳಿದಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವರು, ಅದು ಅವರ ಕರ್ತವ್ಯ. ಅದರಿಂದ ರೋಗಿಯು ಸೆರೆಮನೆಗೆ ಹೋಗುವನೆಂದು ಎಣಿಸಬೇಕಾಗಿಲ್ಲ. ಡಬ್ಬವನ್ನು ಸಂಗಡ ತೆಗೆದುಕೊಂಡು ಹೋಗಿರಿ. ಸಾಧ್ಯವಾಗದಿದ್ದರೆ ಅದರ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡಾದರೂ ಹೋಗಿರಿ.

ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತವನ್ನು ತಿಳಿಮಾಡುವ ಮಾತ್ರೆ, ನಾಟಿ ಮದ್ದು, ಮಂತ್ರವಾದಿಯು ಕುಡಿಸಿದ ಸೊಪ್ಪಿನ ರಸ, ಇವುಗಳ ವಿಷಯವೂ ಹೀಗೆಯೇ. ಉಪದೇಶಿಯು ಪಕ್ಕದಲ್ಲಿ ನಿಂತಿದ್ದಾನೆಂದು ಮಂತ್ರವಾದಿಯ ಹತ್ತಿರ ಹೋದದ್ದನ್ನು ಮರೆಮಾಡುವವರನ್ನು ನಾವು ಬಲ್ಲೆವು. ಅಂಥವರಿಗೆ ನಾವು ಹೇಳುವದೇನಂದರೆ, ಆ ಗಳಿಗೆಯಲ್ಲಿ ಉಪದೇಶಿಯನ್ನು ಹೊರಗೆ ಕಳುಹಿಸಿಯಾದರೂ ವೈದ್ಯನಿಗೆ ನಿಜವನ್ನು ಹೇಳಿರಿ.

ಕೆಲವು ವರುಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಮಗನನ್ನು ಕಳಕೊಂಡ ಒಬ್ಬ ಮುದುಕಿಯ ಮನೆಗೆ ನಾವು ಹೋಗುತ್ತಿದ್ದೆವು. ಅವಳು ಯಾರ ಮೇಲೂ ದೂರು ಕೊಡಲಿಲ್ಲ, ಹಣವನ್ನೂ ಕೇಳಲಿಲ್ಲ. “ಸ್ವಾಮಿ, ಕಡೇ ಸೂಜಿ ಕೊಟ್ಟ ಮೇಲೆ ಅವನು ಏನಾದರೂ ಅಂದನಾ?” ಎಂಬದೊಂದೇ ಅವಳ ಪ್ರಶ್ನೆ. ಮಾಡತಕ್ಕದ್ದನ್ನೆಲ್ಲಾ ಮಾಡಿದೆವು ಎಂಬ ಮಾತಿನ ಹೊರತು ಅವಳಿಗೆ ಏನೂ ದೊರೆತಿರಲಿಲ್ಲ. ಅಲ್ಲಿ ತಪ್ಪಾಯಿತೆಂದು ನಾವು ಹೇಳುವದಿಲ್ಲ, ಆಗಿರಲಿಕ್ಕಿಲ್ಲ. ಆದರೆ ಯಾವನಾದರೂ ಒಬ್ಬನು ಅವಳ ಸಮೀಪದಲ್ಲಿ ಕೂತು, ಇಂಥ ಹೊತ್ತಿಗೆ ಇದು ಕೊಟ್ಟೆವು, ಹೀಗಾಯಿತು, ಇದು ನಮಗೆ ತಿಳಿಯಲಿಲ್ಲ ಎಂದು ಹೇಳಿದ್ದರೆ ಅವಳು ಅದನ್ನು ತಾಳಿಕೊಳ್ಳುತ್ತಿದ್ದಳೆಂದು ನಾವು ನಂಬುತ್ತೇವೆ. ಬಡವರು ಸತ್ಯವನ್ನು ತಾಳಲಾರರು, ಗಲಾಟೆ ಮಾಡುವರು ಎಂದು ದೊಡ್ಡವರು ಎಣಿಸುತ್ತಾರೆ. ಗಲಾಟೆಯು ಹೆಚ್ಚಾಗಿ ಹುಟ್ಟುವದು ಮೌನದಿಂದಲೇ ಎಂಬದು ನಾವು ನೋಡಿದ ಸಂಗತಿ.

ಕಡೆಗೆ, ಕೇಳುವ ವಿಷಯ. ನಮ್ಮ ಸಭೆಗಳವರಲ್ಲಿ ಬಹಳ ಜನರು ತಲೆತಲಾಂತರದಿಂದ ದೊಡ್ಡವರ ಬಾಗಿಲಲ್ಲಿ ದೂರ ನಿಂತು ಕೈಮುಗಿದು ಅಭ್ಯಾಸವಾದವರು. ಬಿಳೇ ಅಂಗಿಯವರನ್ನು ಕಂಡಾಗ ನಾಲಿಗೆ ಒಣಗುತ್ತದೆ; ಕೇಳಿದರೆ ಬೈದಾರು, ಬೈದರೆ ಚಿಕಿತ್ಸೆ ಕೊಡರು ಎಂಬ ಅಂಜಿಕೆ. ಪ್ರಾಣಾಪಾಯದಲ್ಲಿ ಬಂದವನಿಗೆ ಯಾವ ವೈದ್ಯನೂ, ಸರಕಾರದವನಾಗಲಿ ಸ್ವಂತದವನಾಗಲಿ, ಚಿಕಿತ್ಸೆ ಇಲ್ಲವೆನ್ನಕೂಡದೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪುಮಾಡಿದೆ. ಆದದರಿಂದ ಕೇಳಿದ್ದಕ್ಕಾಗಿ ಯಾರೂ ನಿಮ್ಮನ್ನು ಹೊರಗೆ ಹಾಕಲಾರರು. ಮಗುವಿಗೆ ಪೆನ್ಸಿಲಿನ್ ಒಗ್ಗದು ಎಂದು ಹೇಳುವದು ಉದ್ಧಟತನವಲ್ಲ. ಈ ಸೂಜಿ ಯಾವುದಕ್ಕೆ ಅಮ್ಮಾ ಎಂದು ದಾದಿಯನ್ನು ಮೆಲ್ಲಗೆ ಕೇಳುವದೂ ಅಲ್ಲ. ಹಾಗೆ ಕೇಳಿದಾಗ ಅವಳು ಒಂದು ಗಳಿಗೆ ನಿಂತು ಸೀಸೆಯ ಮೇಲಿನ ಹೆಸರನ್ನು ಇನ್ನೊಂದು ಸಾರಿ ಓದುವಳು, ಅಷ್ಟೇ ನಮಗೆ ಬೇಕಾದದ್ದು. ಹತ್ತು ಮಂದಿ ಒಳಗೆ ನುಗ್ಗಿ ಹತ್ತು ಮಾತು ಹೇಳುವದಕ್ಕಿಂತ ನಡೆದದ್ದನ್ನು ಕಂಡ ಒಬ್ಬನು ರೋಗಿಯ ಸಂಗಡ ಇದ್ದರೆ ಒಳ್ಳೇದು. ಅವನು ಓದುಬರಹ ಬಲ್ಲವನಾದರೆ ಇನ್ನೂ ಒಳ್ಳೇದು. ದೊಡ್ಡ ಆಸ್ಪತ್ರೆಗೆ ಹೋಗಿರೆಂದು ಕಳುಹಿಸುವಾಗ, ಕೊಟ್ಟ ಮದ್ದು, ಅಳತೆ, ಹೊತ್ತು ಇವುಗಳನ್ನು ಬರೆದ ಚೀಟಿಯನ್ನು ಅವನು ಕೈಯಲ್ಲಿ ಹಿಡಿದುಕೊಂಡಿರಬೇಕು, ರೋಗಿಯ ಬಟ್ಟೆಯೊಳಗೆ ಸಿಕ್ಕಿಸಬಾರದು. ಚೀಟಿ ಇಲ್ಲದೆ ಗಾಡಿಯು ಹೊರಡುವಂತಿದ್ದರೆ ಹೊರಡುವದಕ್ಕೆ ಮುಂಚೆ ಅದನ್ನು ಕೇಳಿ ಪಡೆದುಕೊಳ್ಳಲಿ. ಅದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯದು.